ಕೋರಿ ರೊಟ್ಟಿ ದುಬೈ ಅಂಗಡಿ ಸೇರಬೇಕಾದರೆ: ವಿದೇಶಿ ಮಾರುಕಟ್ಟೆಗೆ ಯೋಜನೆ ಹಾಕುವುದು ಹೇಗೆ?

ಕರಾವಳಿಯ ಬೈಕಂಪಾಡಿಯಲ್ಲೋ ನಂದಿಕೂರಿನಲ್ಲೋ ಆಹಾರ ಘಟಕ ನಡೆಸುವವರು ವಿದೇಶಿ ಮಾರುಕಟ್ಟೆ ಎಂದಾಗ ಮೊದಲು ನೋಡುವುದು ಗಲ್ಫ್ ಕಡೆಗೆ. ‘ಅಲ್ಲಿ ನಮ್ಮೂರಿನವರೇ ತುಂಬಿದ್ದಾರೆ, ಮಾಲು ಕಳಿಸಿದರೆ ಸಾಕು’ ಎಂಬ ಧೈರ್ಯ. ಆದರೆ ಅದೇ ನಮ್ಮೂರಿನವರು ರಜೆ ಮುಗಿಸಿ ಹೊರಟಾಗ ಬಜ್ಪೆ ವಿಮಾನ ನಿಲ್ದಾಣದಲ್ಲಿ ತೂಕಕ್ಕಿಡುವ ಪೆಟ್ಟಿಗೆಯಲ್ಲಿ ಏನಿರುತ್ತದೆ? ರೊಟ್ಟಿ, ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ. ನಿಮ್ಮ ಮೊದಲ ಎದುರಾಳಿ ಆ ಪೆಟ್ಟಿಗೆ. ಅದರೊಳಗಿನ ರೊಟ್ಟಿಗೆ ಹಡಗಿನ ಬಾಡಿಗೆ ಇಲ್ಲ, ಅಂಗಡಿಯವನ ಲಾಭಾಂಶವೂ ಇಲ್ಲ. ಪೆಟ್ಟಿಗೆ ಖಾಲಿಯಾದ ಮೇಲೆ ಆ ಮನೆಯವರು ಎಷ್ಟು ದಿರ್ಹಮ್ ಕೊಟ್ಟು ನಿಮ್ಮ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ ಎಂಬಲ್ಲಿಂದ ಯೋಜನೆ ಶುರುವಾಗಬೇಕು.

ಲೆಕ್ಕ ಸುಲಭವಾಗಲಿ ಎಂದು ಒಂದೇ ಉತ್ಪನ್ನ, ಒಂದೇ ಊರು ಹಿಡಿಯೋಣ: ಕೋಳಿ ಸಾರಿನ ಜೊತೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿಯ, ಅಂದರೆ ಕೋರಿ ರೊಟ್ಟಿಯ, ಅರ್ಧ ಕಿಲೋ ಪ್ಯಾಕೆಟ್, ದುಬೈ.

ಒಂದು ಊರು, ಒಂದು ಬಗೆಯ ಅಂಗಡಿ

‘ಗಲ್ಫ್’ ಎಂಬ ಒಂದೇ ಮಾರುಕಟ್ಟೆ ಇಲ್ಲ. ಸೌದಿ, ಕತಾರ್, ಒಮಾನ್, ಯುಎಇ ಒಂದೊಂದಕ್ಕೂ ನೋಂದಣಿ ಬೇರೆ, ಆಮದುದಾರ ಬೇರೆ. ಹೊಸ ಕಂಪನಿ ಮೂರು ದೇಶಕ್ಕೆ ಒಟ್ಟಿಗೆ ಕೈಹಾಕಿದರೆ ಮೂರರಲ್ಲೂ ಅರ್ಧ ಕೆಲಸವಾಗುತ್ತದೆ. ದುಬೈಯೊಳಗೂ ಕರಾಮ, ಬರ್ ದುಬೈಯ ಮೀನಾ ಬಜಾರ್, ಕುಸೈಸ್ ಕಡೆಯ ಭಾರತೀಯ ಕಿರಾಣಿ ಅಂಗಡಿಗಳು ಒಂದು ಬಗೆ, ಹೈಪರ್‌ಮಾರ್ಕೆಟ್‌ಗಳು ಇನ್ನೊಂದು, ಹೋಟೆಲ್‌ಗಳಿಗೆ ಸಗಟು ಪೂರೈಕೆ ಮತ್ತೊಂದು. ಹೈಪರ್‌ಮಾರ್ಕೆಟ್ ಕಪಾಟು ಕಣ್ಣಿಗೆ ಚೆಂದ. ಆದರೆ ಅಲ್ಲಿ ಹೊಸ ಮಾಲು ಸೇರಿಸಿಕೊಳ್ಳಲು ಶುಲ್ಕ, ವರ್ಷದ ಕೊನೆಗೆ ರಿಯಾಯಿತಿ, ಅವಧಿ ಮೀರಿದ ಮಾಲು ವಾಪಸ್, ಮೇಲಿಂದ ಎರಡು ಮೂರು ತಿಂಗಳ ಸಾಲ. ಮೊದಲ ವರ್ಷಕ್ಕೆ ಕಿರಾಣಿ ಅಂಗಡಿಗಳೇ ಸಾಕು.

ಹೋಗಿ ನೋಡುವಾಗ ಕೈಯಲ್ಲಿ ಪಟ್ಟಿ ಇರಲಿ: ಪ್ರತಿ ಅಂಗಡಿಯಲ್ಲಿ ರೊಟ್ಟಿ ಇದೆಯೇ, ಯಾವ ಬ್ರ್ಯಾಂಡ್, ಎಷ್ಟು ಗ್ರಾಂ, ಎಷ್ಟು ಬೆಲೆ, ಕಪಾಟಿನಲ್ಲಿ ಪ್ಯಾಕೆಟ್ ಎಷ್ಟು ಪುಡಿಯಾಗಿದೆ, ತಯಾರಿಸಿದ ದಿನಾಂಕ ಎಷ್ಟು ಹಳೆಯದು, ಹಿಂಬದಿಯ ಸ್ಟಿಕ್ಕರ್‌ನಲ್ಲಿ ಆಮದುದಾರರು ಯಾರು. ಈ ಕೊನೆಯ ಸಾಲು ಚಿನ್ನ. ನಿಮ್ಮ ಮಾಲನ್ನು ಯಾರು ತರಿಸಬಲ್ಲರು ಎಂಬುದರ ಪಟ್ಟಿ ಅಲ್ಲೇ ಸಿಗುತ್ತದೆ. ಪ್ರತಿವರ್ಷ ದುಬೈಯಲ್ಲಿ ನಡೆಯುವ ಆಹಾರೋದ್ಯಮದ ಗಲ್ಫುಡ್ ಮೇಳಕ್ಕೆ ಮೊದಲ ಸಲ ಮಳಿಗೆ ಹಾಕದೆ ನೋಡುಗರಾಗಿ ಹೋಗುವುದೇ ಲೇಸು.

ಕಪಾಟಿನಿಂದ ಹಿಂದಕ್ಕೆ ಲೆಕ್ಕ

ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ತುಂಬಿಕೊಳ್ಳಿ. ಪ್ಯಾಕೆಟ್‌ನ ಫ್ಯಾಕ್ಟರಿ ಬೆಲೆ ₹70. ಕಾರ್ಟನ್, ಲಾರಿ, ಕಸ್ಟಮ್ಸ್ ಕೆಲಸ ಮಾಡಿಸುವ ಕ್ಲಿಯರಿಂಗ್ ಏಜೆಂಟ್ ಸೇರಿ ₹6. ಹಡಗಿನ ಬಾಡಿಗೆ ₹20. ವಿಮೆ ₹1. ಅಲ್ಲಿಗೆ ದುಬೈ ಬಂದರಿಗೆ ಮುಟ್ಟುವ ಬೆಲೆ ₹97. ಅದರ ಮೇಲೆ 5% ಸುಂಕ, ಅಂದರೆ ಹೆಚ್ಚುಕಡಿಮೆ ₹5. ಅಲ್ಲಿನ ಕ್ಲಿಯರಿಂಗ್, ಗೋದಾಮು ₹5. ಒಟ್ಟು ₹107.

ಎಡವುವುದು ಇದರ ಮುಂದೆ. ವಿತರಕ 25%, ಅಂಗಡಿಯವನು 30% ಲಾಭಾಂಶ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಅನೇಕರು 107ಕ್ಕೆ 25% ಸೇರಿಸಿ, ಬಂದದ್ದಕ್ಕೆ 30% ಸೇರಿಸಿ, 5% ವ್ಯಾಟ್ ಹಾಕಿ ₹183 ಎಂದು ಬರೆದುಕೊಳ್ಳುತ್ತಾರೆ. ವ್ಯಾಪಾರದಲ್ಲಿ ಈ ಲಾಭಾಂಶವನ್ನು ಎಣಿಸುವುದು ಮಾರಾಟ ಬೆಲೆಯ ಮೇಲೆ. ಅಂದರೆ 107ನ್ನು 0.75ರಿಂದ, ಬಂದದ್ದನ್ನು 0.70ರಿಂದ ಭಾಗಿಸಬೇಕು. ವ್ಯಾಟ್ ಸೇರಿ ₹214. ದಿರ್ಹಮ್‌ಗೆ ₹24 ಹಿಡಿದರೆ ನೀವು ಏಳೂವರೆ ದಿರ್ಹಮ್ ಎಂದುಕೊಂಡದ್ದು ಕಪಾಟಿನಲ್ಲಿ ಒಂಬತ್ತರ ಹತ್ತಿರ ನಿಂತಿರುತ್ತದೆ.

ಈಗ ತಿರುಗಿಸಿ. ಪಕ್ಕದ ಬ್ರ್ಯಾಂಡ್ 7 ದಿರ್ಹಮ್‌ಗೆ ಇದ್ದರೆ? ಅದೇ ಹಾದಿಯಲ್ಲಿ ಹಿಂದಕ್ಕೆ ಬಂದರೆ ಫ್ಯಾಕ್ಟರಿ ಬೆಲೆ ₹48ಕ್ಕೆ ಇಳಿಯಬೇಕು. ಅದು ಆಗದು ಎಂದಾದರೆ 7 ದಿರ್ಹಮ್‌ನ ಆಟ ಬಿಟ್ಟುಬಿಡಿ. ಕುಚಲಕ್ಕಿ ರೊಟ್ಟಿ, ಪುಡಿಯಾಗದ ಡಬ್ಬಿ, ಜೊತೆಗೆ ಮಸಾಲೆ ಪುಡಿ ಹೀಗೆ ಹೆಚ್ಚಿನ ಬೆಲೆಗೆ ಕಾರಣ ಇರುವ ಸರಕು ಮಾಡಿ. ಇಲ್ಲವೇ ಅದೇ ಹಾದಿಯಲ್ಲಿ ಹಪ್ಪಳ ಕಳಿಸಿ.

ದಿರ್ಹಮ್ ಡಾಲರ್‌ಗೆ 3.6725ರ ಸ್ಥಿರ ದರದಲ್ಲಿ ಕಟ್ಟಿಕೊಂಡಿದೆ. ಹಾಗಾಗಿ ಡಾಲರ್‌ನಲ್ಲಿ ಬಿಲ್ ಮಾಡಿದರೂ ದಿರ್ಹಮ್‌ನಲ್ಲಿ ಮಾಡಿದರೂ ನಿಮ್ಮ ವಿನಿಮಯದ ಅಪಾಯ ಒಂದೇ: ಡಾಲರ್ ಎದುರು ರೂಪಾಯಿ.

ಕಾರ್ಟನ್‌ನ ಒಂದು ಸೆಂಟಿಮೀಟರ್

ಕೋರಿ ರೊಟ್ಟಿಯ ಪೇಚು ತೂಕದ್ದಲ್ಲ, ಗಾತ್ರದ್ದು. 24 ಪ್ಯಾಕೆಟ್ ಹಿಡಿಯುವ 60×40×40 ಸೆಂ.ಮೀ. ಕಾರ್ಟನ್ ತೆಗೆದುಕೊಳ್ಳಿ. ಒಳಗಿನ ಮಾಲು 12 ಕಿಲೋ. 20 ಅಡಿ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗ. ಭಾಗಿಸಿದರೆ 340 ಕಾರ್ಟನ್ ಹಿಡಿಯಬೇಕು ಅನಿಸುತ್ತದೆ. ಹಿಡಿಯುವುದಿಲ್ಲ. ಒಳ ಉದ್ದ 5.9, ಅಗಲ 2.35, ಎತ್ತರ 2.39 ಮೀಟರ್. ಉದ್ದಕ್ಕೆ 9, ಅಗಲಕ್ಕೆ 5. ತುದಿಯಲ್ಲಿ ಉಳಿಯುವ 50 ಸೆಂ.ಮೀ. ಜಾಗದಲ್ಲಿ ಅಡ್ಡ ತಿರುಗಿಸಿ ಇನ್ನು 3. ಪದರಕ್ಕೆ 48. ಎತ್ತರ 40 ಆದರೆ ಐದೇ ಪದರ, ಮೇಲೆ 39 ಸೆಂ.ಮೀ. ಬರೀ ಗಾಳಿ. ಒಟ್ಟು 240 ಕಾರ್ಟನ್.

ಕಾರ್ಟನ್ ಎತ್ತರವನ್ನು 39 ಮಾಡಿಸಿದರೆ ಆರು ಪದರ ಕೂರುತ್ತದೆ: 288 ಕಾರ್ಟನ್, 6,912 ಪ್ಯಾಕೆಟ್. ಕಂಟೇನರ್ ಬಾಡಿಗೆ ₹1.4 ಲಕ್ಷ ಎಂದರೆ ಪ್ಯಾಕೆಟ್‌ಗೆ ₹24 ಬೀಳುತ್ತಿದ್ದದ್ದು ₹20ಕ್ಕೆ ಇಳಿಯುತ್ತದೆ. ಲಾಭಾಂಶಗಳ ಏಣಿ ಹತ್ತಿ ಕಪಾಟು ಮುಟ್ಟುವಾಗ ಅದು ₹8ರಷ್ಟು ವ್ಯತ್ಯಾಸ. ಇಷ್ಟಾದರೂ ಕಂಟೇನರ್‌ನಲ್ಲಿ ಹೋಗುವ ರೊಟ್ಟಿ ಮೂರೂವರೆ ಟನ್ ಮಾತ್ರ.

ಆರು ಪದರ ಎಂದರೆ ಕೆಳಗಿನ ಕಾರ್ಟನ್ ಮೇಲೆ 65 ಕಿಲೋ ಆಸುಪಾಸು ಭಾರ. ರಟ್ಟು ತೇವ ಹೀರಿದರೆ ಬಲ ಕಳೆದುಕೊಳ್ಳುತ್ತದೆ. ಆಟಿಯ ಮಳೆಯಲ್ಲಿ ತುಂಬಿದ ಕಂಟೇನರ್‌ನಲ್ಲಿ ಕೆಳಗಿನ ಸಾಲು ಕುಸಿದು ರೊಟ್ಟಿ ಹುಡಿಯಾಗಿ ಮುಟ್ಟುವುದು ಇದರಿಂದಲೇ. ಏಳು ಪದರದ ರಟ್ಟು ಬಳಸಿ, ಬದಿಗಳಲ್ಲಿ ತೇವ ಹೀರುವ ಚೀಲ ತೂಗುಹಾಕಿ. ತುಂಬುವ ಮೊದಲು ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಬೇಕು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಆ ಕಂಟೇನರ್ ಬೇಡ. ಹಿಂದಿನ ಸರಕಿನ ವಾಸನೆ ಇದ್ದರೂ ಬೇಡ, ಅಕ್ಕಿ ರೊಟ್ಟಿ ವಾಸನೆಯನ್ನು ಚೆನ್ನಾಗಿಯೇ ಎಳೆದುಕೊಳ್ಳುತ್ತದೆ. ಮರದ ಪ್ಯಾಲೆಟ್ ಬಳಸುವುದಾದರೆ ಐಎಸ್‌ಪಿಎಂ 15 ಮುದ್ರೆ ಇರಲಿ, ಅದು ಮರದೊಳಗಿನ ಕೀಟ ಸಾಯುವಂತೆ ಸಂಸ್ಕರಿಸಿದ್ದರ ಗುರುತು. ಬಿಸಿ ಮಾಡಿ ಸಂಸ್ಕರಿಸಿದ್ದಾದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಆದರೆ ಪ್ಯಾಲೆಟ್ ಹಾಕಿದರೆ ಮೇಲಿನ ಆರು ಪದರದ ಲೆಕ್ಕ ಕೆಡುತ್ತದೆ.

ಸ್ಯಾಂಪಲ್ ವಿಮಾನದಲ್ಲಿ ಕಳಿಸುವಾಗಲೂ ಇದೇ ಕತೆ. ಘನ ಸೆಂಟಿಮೀಟರ್‌ಗಳನ್ನು 6000ದಿಂದ ಭಾಗಿಸಿದ ತೂಕ, ನಿಜ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. 40 ಎತ್ತರದ ಕಾರ್ಟನ್‌ಗೆ ಅದು 16 ಕಿಲೋ.

ಮಂಗಳೂರಿನ ಪಣಂಬೂರು ಬಂದರಿನಿಂದಲೇ ಕಂಟೇನರ್ ಕಳಿಸಬಹುದು. ಆದರೆ ದಾರಿಯಲ್ಲಿ ಕೊಲಂಬೊದಂಥ ದೊಡ್ಡ ಬಂದರಿನಲ್ಲಿ ಹಡಗು ಬದಲಾಗುವುದುಂಟು. ದರ ಕೇಳುವಾಗ ಒಟ್ಟು ಎಷ್ಟು ದಿನ ಎಂದು ಸೇರಿಸಿ ಕೇಳಿ, ಕೊಚ್ಚಿಯ ದರ ಮತ್ತು ದಿನಗಳ ಜೊತೆ ಹೋಲಿಸಿ. ರೊಟ್ಟಿಯ ಬಾಳಿಕೆ ನಾಲ್ಕು ತಿಂಗಳಾದರೆ ಮೂರು ವಾರ ವಿಳಂಬ ಸಣ್ಣದಲ್ಲ. ಅರ್ಧಕ್ಕಿಂತ ಹೆಚ್ಚು ಬಾಳಿಕೆ ಕಳೆದ ಮಾಲನ್ನು ಒಳ್ಳೆಯ ಅಂಗಡಿ ಮುಟ್ಟುವುದಿಲ್ಲ.

ಲೇಬಲ್, ಕಾಗದಪತ್ರ

ಕಾಗದದ ಕೆಲಸ ಜನ ಹೆದರುವಷ್ಟು ಕಷ್ಟವಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಸಿಗುವ ಆಮದು-ರಫ್ತುದಾರರ ಐಇಸಿ ಸಂಖ್ಯೆಗೆ ಆನ್‌ಲೈನ್‌ನಲ್ಲೇ ₹500 ಶುಲ್ಕ. ನಿಮ್ಮ ವಿದೇಶಿ ವಿನಿಮಯ ನೋಡಿಕೊಳ್ಳುವ ಬ್ಯಾಂಕಿನ ಗುರುತು ಸಂಖ್ಯೆಯಾದ ಎಡಿ ಕೋಡ್ ಅನ್ನು ಸರಕು ಹೊರಡುವ ಬಂದರಿಗೆ ನೋಂದಾಯಿಸಬೇಕು. ಪಣಂಬೂರಿಗೆ ಮಾತ್ರ ಮಾಡಿಸಿ ಕೊನೆ ಗಳಿಗೆಯಲ್ಲಿ ಕೊಚ್ಚಿಯಿಂದ ಕಳಿಸಹೊರಟರೆ ಅಲ್ಲಿ ನಿಲ್ಲುತ್ತದೆ. ಕೃಷಿ-ಆಹಾರ ರಫ್ತಿನ ಸರಕಾರಿ ಸಂಸ್ಥೆ ಅಪೆಡಾದ ನೋಂದಣಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಇರಲಿ. ಜಿಎಸ್‌ಟಿ ಕಟ್ಟದೆ ಕಳಿಸಲು ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ. ಅದು ಆ ಹಣಕಾಸು ವರ್ಷಕ್ಕೆ ಮಾತ್ರ, ಏಪ್ರಿಲ್‌ನಲ್ಲಿ ಮತ್ತೆ ಬೇಕು.

ಭಾರತ-ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ನಿಮ್ಮ ಸರಕಿನ ಎಚ್‌ಎಸ್ ಕೋಡ್‌ಗೆ (ಕಸ್ಟಮ್ಸ್ ಸರಕನ್ನು ಗುರುತಿಸುವ ಸಂಖ್ಯೆ) ಅದರಲ್ಲಿ ಸುಂಕ ರಿಯಾಯಿತಿ ಇದೆಯೇ ನೋಡಿ. ಇದ್ದರೆ ಮೇಲಿನ ಲೆಕ್ಕದ ₹5 ಉಳಿಯುತ್ತದೆ. ಅದಕ್ಕೆ ಸರಕು ಭಾರತದ್ದೇ ಎಂದು ಸಾರುವ, ಆ ಒಪ್ಪಂದದ್ದೇ ಮೂಲ ಪ್ರಮಾಣಪತ್ರ ಬೇಕು, ಸಾಮಾನ್ಯ ಮೂಲ ಪ್ರಮಾಣಪತ್ರ ಸಾಲದು. ಪತ್ರದಲ್ಲಿ, ಇನ್‌ವಾಯ್ಸ್‌ನಲ್ಲಿ, ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ನಲ್ಲಿ ಕೋಡ್ ಒಂದೇ ಆಗಿರಬೇಕು.

ಮಾಲು ಸಿಕ್ಕಿಬೀಳುವುದು ಹೆಚ್ಚಾಗಿ ಲೇಬಲ್‌ನಲ್ಲಿ. ಹೆಸರು, ಪದಾರ್ಥಗಳು, ತೂಕ, ತಯಾರಾದ ದೇಶ ಅರಬ್ಬಿಯಲ್ಲೂ ಇರಬೇಕು. ‘ತಯಾರಿಸಿದ ದಿನದಿಂದ 4 ತಿಂಗಳೊಳಗೆ ಬಳಸಿ’ ಎಂದಷ್ಟೇ ಬರೆದರೆ ಅಲ್ಲಿ ನಡೆಯದು. ತಯಾರಿ ದಿನಾಂಕ, ಮುಕ್ತಾಯ ದಿನಾಂಕ ಎರಡೂ ಪ್ಯಾಕೆಟ್ ಮೇಲೆ ಅಚ್ಚಾಗಿರಬೇಕು, ಮೇಲೆ ಅಂಟಿಸಿದ್ದಾಗಿರಬಾರದು. ದುಬೈ ಪುರಸಭೆಯಲ್ಲಿ ಉತ್ಪನ್ನ ನೋಂದಣಿ ಆಮದುದಾರನ ಮೂಲಕ ಆಗುತ್ತದೆ. ಲೇಬಲ್ ವಿನ್ಯಾಸ ಕಳಿಸಿ ಒಪ್ಪಿಗೆ ಬಂದ ಮೇಲಷ್ಟೇ ಪ್ಯಾಕೆಟ್ ಅಚ್ಚುಹಾಕಿಸಿ. ಒಂದು ಲಕ್ಷ ಕವರ್ ಅಚ್ಚಾದ ಮೇಲೆ ಒಂದು ಸಾಲು ತಿದ್ದುವುದು ಎಂದರೆ ಏನೆಂದು ಪ್ರಿಂಟಿಂಗ್ ಪ್ರೆಸ್‌ನವರನ್ನು ಕೇಳಿ.

ಯಾರ ಕೈಯಲ್ಲಿ ಕೊಡುವುದು?

ಅಲ್ಲೇ ಕಂಪನಿ ತೆರೆಯುವುದು ಮೂರನೇ ವರ್ಷದ ಮಾತು. ಮೊದಲಿಗೆ ಆಮದುದಾರ-ವಿತರಕ ಸಾಕು. ಸಿಗುವವನ ಮೊದಲ ಬೇಡಿಕೆ ‘ಇಡೀ ಯುಎಇಗೆ ನಾನೊಬ್ಬನೇ’ ಎಂಬುದು. ಕೊಡಬಹುದು, ಆದರೆ ಕಟ್ಟುಪಾಡಿನೊಂದಿಗೆ: ಒಂದೇ ಎಮಿರೇಟ್ (ದುಬೈಯಂಥ ಒಂದು ಸಂಸ್ಥಾನ), ಒಂದೇ ವರ್ಷ, ವರ್ಷಕ್ಕೆ ಇಷ್ಟು ಕಾರ್ಟನ್ ಎತ್ತದಿದ್ದರೆ ಹಕ್ಕು ತಾನಾಗಿ ರದ್ದು. ಅಲ್ಲಿನ ಸರಕಾರದಲ್ಲಿ ನೋಂದಣಿಯಾದ ವಾಣಿಜ್ಯ ಏಜೆಂಟನಿಗೆ ಕಾನೂನಿನ ರಕ್ಷಣೆ ಇದೆ, ಬೇಕೆಂದಾಗ ಕಿತ್ತುಹಾಕಲಾಗದು. ಸಹಿಗೆ ಮುಂಚೆ ಅಲ್ಲಿನ ವಕೀಲರಿಗೆ ತೋರಿಸಿ.

ಟ್ರೇಡ್‌ಮಾರ್ಕ್ ಅನ್ನು ವಿತರಕನ ಹೆಸರಲ್ಲಿ ಮಾಡಿಸಲು ಬಿಡಬೇಡಿ. ‘ಖರ್ಚು ನಾನೇ ಹಾಕ್ತೇನೆ’ ಎಂದರೂ ಬೇಡ. ಭಾರತದ ನೋಂದಣಿ ಅಲ್ಲಿಗೆ ಅನ್ವಯಿಸದು. ಯುಎಇ 2021ರ ಡಿಸೆಂಬರ್‌ನಲ್ಲಿ ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೋರುವ ಮ್ಯಾಡ್ರಿಡ್ ವ್ಯವಸ್ಥೆ ಸೇರಿದೆ, ಹಾಗಾಗಿ ಇಲ್ಲಿಂದಲೇ ಅರ್ಜಿ ಹಾಕಬಹುದು. ಸ್ಯಾಂಪಲ್ ಕಳಿಸುವ ಮೊದಲೇ ಹಾಕಿ.

ದುಡ್ಡು ಮತ್ತು ಗಡಿ

ಮೊದಲ ಕಂಟೇನರ್‌ಗೆ 30% ಮುಂಗಡ, ಉಳಿದದ್ದು ಸರಕು ಹಡಗೇರಿದ ದಾಖಲೆಗಳ ನಕಲು ಕಂಡಾಗ. ಎಲ್‌ಸಿ, ಅಂದರೆ ಖರೀದಿದಾರನ ಬ್ಯಾಂಕು ಹಣಕ್ಕೆ ಕೊಡುವ ಖಾತರಿ ಪತ್ರ ಆದರೆ, ಅದರ ವಿವರಗಳಿಗೆ ಇನ್‌ವಾಯ್ಸ್ ಹೊಂದಬೇಕು. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಬ್ಯಾಂಕು ತಕರಾರು ತೆಗೆದು ಹಣ ತಡೆಯಬಹುದು. ಸಾಲದ ಮೇಲೆ ಕೊಡುವ ಹಂತ ಬಂದಾಗ ರಫ್ತಿನ ಹಣ ಬಾರದಿದ್ದರೆ ಪರಿಹಾರ ಕೊಡುವ ಸರಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ. ಆ ಖರೀದಿದಾರನಿಗೆ ಎಷ್ಟು ಮಿತಿ ಕೊಡುತ್ತಾರೆ ಎಂಬುದೇ ಅವನ ಬಗ್ಗೆ ಒಂದು ವರದಿ.

ಹೊರಡುವ ಮೊದಲೇ ಎರಡು ಅಂಕಿ ಬರೆದಿಡಿ: ಒಟ್ಟು ಎಷ್ಟು ಕಳೆದುಕೊಳ್ಳಲು ಸಿದ್ಧ, ಯಾವ ತಿಂಗಳೊಳಗೆ ಎರಡನೇ ಆರ್ಡರ್ ಬರಬೇಕು. ಮೊದಲ ಆರ್ಡರ್ ಏನನ್ನೂ ಹೇಳುವುದಿಲ್ಲ, ಅದು ವಿತರಕನ ಗೋದಾಮು ತುಂಬಿಸಿದ್ದಷ್ಟೇ. ಹಾಗಾಗಿ ತಿಂಗಳಿಗೊಮ್ಮೆ ಅಂಗಡಿವಾರು ಮಾರಾಟದ ಪಟ್ಟಿ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ಆ ಪಟ್ಟಿ ಓದುವಾಗ ಒಂದು ನೆನಪಿರಲಿ: ಜುಲೈ-ಆಗಸ್ಟ್ ಶಾಲಾ ರಜೆಗೆ ಕುಟುಂಬಗಳು ಊರಿಗೆ ಬಂದಿರುತ್ತವೆ, ವಾಪಸಾಗುವಾಗ ಪೆಟ್ಟಿಗೆ ತುಂಬಿರುತ್ತದೆ. ಸೆಪ್ಟೆಂಬರ್‌ನ ಇಳಿಕೆ ನೋಡಿ ಮಾರುಕಟ್ಟೆ ಬಿಡಬೇಡಿ, ಮೇ ತಿಂಗಳ ಏರಿಕೆ ನೋಡಿ ಎರಡು ಕಂಟೇನರ್ ತುಂಬಬೇಡಿ.