‘ನೈದರ್’ ಬಂದಲ್ಲಿ ‘ನಾಟ್’ ಬೇಡ

ಶಿವಮೊಗ್ಗದಿಂದ ಸಾಗರದ ಕಡೆ ಹೊರಟ ರೈಲು ತಾಳಗುಪ್ಪದಲ್ಲಿ ನಿಲ್ಲುತ್ತದೆ, ಅಲ್ಲಿಂದಾಚೆ ಹಳಿಯಿಲ್ಲ. ‘ರೈಲು ಜೋಗಕ್ಕೂ ಹೋಗುವುದಿಲ್ಲ, ಆಗುಂಬೆಗೂ ಹೋಗುವುದಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ‘ದಿ ಟ್ರೇನ್ ಡಸ್ ನಾಟ್ ಗೋ ನೈದರ್ ಟು ಜೋಗ್ ನಾರ್ ಟು ಆಗುಂಬೆ’ ಎನ್ನುವ ಮಕ್ಕಳು ಬಹಳ. ಇದನ್ನು ದಡ್ಡತನ ಎನ್ನಬೇಡಿ. ಕನ್ನಡದಲ್ಲಿ ‘ಜೋಗಕ್ಕೂ, ಆಗುಂಬೆಗೂ’ ಎಂದು ಎರಡನ್ನೂ ಅಲ್ಲಗಳೆಯಬೇಕಾದರೆ ಕ್ರಿಯಾಪದಕ್ಕೆ ‘ಇಲ್ಲ’ ಸೇರಲೇಬೇಕು. ಮಗು ಅದೇ ನ್ಯಾಯವನ್ನು ಇಂಗ್ಲಿಷಿಗೂ ಅನ್ವಯಿಸುತ್ತದೆ.

ಆದ್ದರಿಂದ ಬರೆಯುವ ಮುನ್ನ ಒಂದನ್ನು ನಿರ್ಧರಿಸಿ: ‘ಇಲ್ಲ’ ಎಂಬುದನ್ನು ಯಾರು ಹೇಳಬೇಕು, ಕ್ರಿಯಾಪದವೋ ‘ನೈದರ್–ನಾರ್’ ಎಂಬ ಜೋಡಿಪದವೋ? ಇಬ್ಬರೂ ಹೇಳಿದರೆ ಶಿಷ್ಟ ಇಂಗ್ಲಿಷಿನಲ್ಲಿ ತಪ್ಪು. ‘ನೈದರ್–ನಾರ್’ ಹೇಳುವುದಾದರೆ ಕ್ರಿಯಾಪದ ಸಕಾರಾತ್ಮಕವಾಗಿರಲಿ: ‘ದಿ ಟ್ರೇನ್ ಗೋಸ್ ನೈದರ್ ಟು ಜೋಗ್ ನಾರ್ ಟು ಆಗುಂಬೆ.’ ‘ನಾಟ್’ ಬೇಕೇ ಬೇಕೆಂದಾದರೆ ಜೋಡಿಯನ್ನು ‘ಈದರ್–ಆರ್’ ಮಾಡಿ: ‘ದಿ ಟ್ರೇನ್ ಡಸ್ ನಾಟ್ ಗೋ ಈದರ್ ಟು ಜೋಗ್ ಆರ್ ಟು ಆಗುಂಬೆ.’ ಅರ್ಥ ಒಂದೇ. ದಿನದ ಮಾತಿಗೆ ಎರಡನೆಯದೇ ಸಹಜವೆಂದು ನನ್ನ ಅನಿಸಿಕೆ. ಮೊದಲನೆಯದಕ್ಕೆ ಬರಹದ ಗಾಂಭೀರ್ಯವಿದೆ.

ಬಳಿಕ ಜೋಡಿಯ ಎರಡೂ ಪದಗಳ ಮುಂದೆ ಏನಿದೆ ನೋಡಿ. ‘ನೈದರ್’ ನಂತರ ‘ಟು’ ಇದ್ದರೆ ‘ನಾರ್’ ನಂತರವೂ ಇರಲಿ.

ಜೋಡಿಯೇ ಕರ್ತೃವಾದಾಗ ಕ್ರಿಯಾಪದ ಹತ್ತಿರದ ಪದವನ್ನು ಅನುಸರಿಸುತ್ತದೆ. ಅಡಿಕೆ ಕೊಯ್ಲಿನ ದಿನ ತೋಟಕ್ಕೆ ಯಾರೂ ಬರಲಿಲ್ಲ ಎನ್ನೋಣ: ‘ನೈದರ್ ದಿ ಓನರ್ ನಾರ್ ದಿ ವರ್ಕರ್ಸ್ ಹ್ಯಾವ್ ಕಮ್.’ ಓನರ್ ಕೊನೆಗೆ ಬಂದರೆ ‘ಹ್ಯಾವ್’ ಹೋಗಿ ‘ಹ್ಯಾಸ್’ ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಬೋತ್’ ವಿಷಯದಲ್ಲಿ. ‘ಎರಡೂ ಬಸ್ ಬರಲಿಲ್ಲ’ ಎಂದರೆ ತೀರ್ಥಹಳ್ಳಿಯ ನಿಲ್ದಾಣದಲ್ಲಿ ಕಾಯುತ್ತಿರುವವರಿಗೆ ಅನುಮಾನವಿಲ್ಲ. ‘ಬೋತ್ ದಿ ಬಸಸ್ ಡಿಡ್ ನಾಟ್ ಕಮ್’ ಎಂದು ಬರೆದರೆ, ಒಂದಾದರೂ ಬಂದಿರಬಹುದೇ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ‘ನೈದರ್ ಬಸ್ ಕೇಮ್’ ಎನ್ನಿ. ‘ಬಸ್’ ಏಕವಚನದಲ್ಲೇ ಇರಲಿ, ಇಲ್ಲಿ ‘ನಾರ್’ ಕೂಡ ಬೇಕಿಲ್ಲ.