ತಾರಿಯ ಮೆಟ್ಟಿಲು ಎಣಿಸಿ ನೆರೆ ಹಿಡಿದ ನನ್ನ ಅನುಭವ

ಹೋದ ಮಳೆಗಾಲದಲ್ಲಿ ನಮ್ಮ ಕೇರಿಯ 41 ಮನೆಗಳಲ್ಲಿ 26 ಮನೆಗೆ ಹೊಳೆ ನೀರು ಹೊಕ್ಕಿತು. ತಾರಿಯ, ಅಂದರೆ ದೋಣಿ ಹತ್ತಿ ಇಳಿಯುವ ಜಾಗದ, ಮೆಟ್ಟಿಲು ಎಣಿಸಿ ನೀರು ಬರುವುದನ್ನು ನಾವು ಮೊದಲೇ ತಿಳಿದಿದ್ದೆವು. ಹೊಕ್ಕಾಗ ಆ ಮನೆಗಳಲ್ಲಿ ಒಬ್ಬರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಕರುವೂ ಇರಲಿಲ್ಲ. ಮೂರು ವರ್ಷ "ಇದೆಲ್ಲ ಆಗುವ ಮಾತಲ್ಲ" ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಕುಮಟಾ, ಹೊನ್ನಾವರ ಕಡೆಯ ಹುಡುಗರೂ ಫೋನ್ ಮಾಡಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಹಗ್ಗ, ಟ್ಯೂಬು, ಟಾರ್ಚು, ಪ್ರಥಮ ಚಿಕಿತ್ಸೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನಮ್ಮದು ಅಂಕೋಲಾ ತಾಲೂಕು, ಗಂಗಾವಳಿ ದಂಡೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ ಇವೆ. ಅಲ್ಲಿ ಗೇಟು ತೆಗೆಯುವ ಮೊದಲು ಕೆಳಗಿನವರಿಗೆ ಹೇಳುವ ಹೊಣೆ ಒಬ್ಬರ ಮೇಲಾದರೂ ಇರುತ್ತದೆ. ಘಟ್ಟದ ಮೇಲೆ ನಮ್ಮ ಹೊಳೆಗೇ ಬೇಡ್ತಿ ಅನ್ನುತ್ತಾರೆ. ಅದಕ್ಕೂ ಅಣೆಕಟ್ಟಿನ ಯೋಜನೆ ಬಂದಿತ್ತು. 1980ರ ಆಚೀಚೆ ಶಿರಸಿ, ಯಲ್ಲಾಪುರದ ತೋಟಿಗರು ಹೋರಾಡಿ ನಿಲ್ಲಿಸಿದರು. ಒಳ್ಳೆಯದೇ ಮಾಡಿದರು. ಆದರೆ ಗೇಟೇ ಇಲ್ಲದ ಹೊಳೆಯಲ್ಲಿ ನೀರು ಬಂತು ಎಂದು ಹೇಳುವವರೂ ಇಲ್ಲ. ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಬರುತ್ತದೆ, ನಿಜ. ಜುಲೈ ತಿಂಗಳಲ್ಲಿ ಅದು ಎಷ್ಟು ದಿನ ಇರುತ್ತದೆ ಅಂತ ನಿಮಗೂ ಗೊತ್ತು. ಅಷ್ಟೂ ದಿನ ಮನೆ ಬಿಟ್ಟು ಹೋಗಲು ಆಗುತ್ತಾ? ನಮಗೆ ಬೇಕಾದದ್ದು ಒಂದೇ ಮಾತು. ಈ ರಾತ್ರಿ ನಮ್ಮ ಅಂಗಳಕ್ಕೆ ನೀರು ಬರುತ್ತದೋ ಇಲ್ಲವೋ.

ಈ ಹುಚ್ಚು ಹಿಡಿದದ್ದು 2021ರ ಜುಲೈ 23ಕ್ಕೆ. ನಮಗಿಂತ ಮೇಲೆ ಇದೇ ಹೊಳೆಯ ದಂಡೆಯಲ್ಲಿರುವ ಗುಳ್ಳಾಪುರದ ಸೇತುವೆ ಕೊಚ್ಚಿಹೋದ, ಕಳಚೆಯಲ್ಲಿ ಗುಡ್ಡ ಜರಿದ ಮಳೆ ಅದು. ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿದ್ದವು. ನೀರು ಎದೆಮಟ್ಟ ಬಂದಾಗ ನಾನು ಕಣ್ಣಿ ಬಿಚ್ಚಲು ಹೋದೆ. ನೆನೆದ ಹುರಿಯ ಗಂಟು ಕಲ್ಲಿನ ಹಾಗೆ ಬಿಗಿದಿತ್ತು. ಉಗುರು ಕಿತ್ತು ಬಂತು, ಗಂಟು ಬಿಚ್ಚಲಿಲ್ಲ. ಕತ್ತಿ ಅಡಿಗೆಮನೆಯಲ್ಲಿ, ನೀರೊಳಗೆ. ಒಂದು ಹಸು ಮೂಗು ಮೇಲೆತ್ತಿ ನನ್ನನ್ನೇ ನೋಡುತ್ತಿತ್ತು. ಅದನ್ನು ಇವತ್ತಿಗೂ ಮರೆತಿಲ್ಲ. ಆಮೇಲೆ ಪ್ರತಿ ಕೊಟ್ಟಿಗೆಯ ಕಂಬದಲ್ಲಿ ಆಳೆತ್ತರಕ್ಕೆ ಒಂದು ಹಳೆ ಕತ್ತಿ ಸಿಕ್ಕಿಸಿಟ್ಟೆವು. ಖರ್ಚು ಏನೂ ಇಲ್ಲ. ನಾವು ಮಾಡಿದ ಮೊದಲ ಕೆಲಸ ಅದು.

ಮುಂದಿನ ವರ್ಷ ದುಡ್ಡು ಹಾಳಾದದ್ದೇ ಜಾಸ್ತಿ. ಯಕ್ಷಗಾನದ ಬಯಲಾಟದಲ್ಲಿ ಉಳಿದ 18 ಸಾವಿರ ಇತ್ತು. ಗೋವಾದಲ್ಲಿ ಕೆಲಸಕ್ಕಿರುವ ಹುಡುಗರು ಒಂದು 20 ಸಾವಿರ ಕಳಿಸಿದರು. ಹುಬ್ಬಳ್ಳಿಯಿಂದ ಕರೆಂಟಿನ ಸೈರನ್ ತಂದೆವು, 7 ಸಾವಿರದ ಹತ್ತಿರ. ಮಳೆ ಜೋರಾದರೆ ಮೊದಲು ಹೋಗುವುದೇ ಕರೆಂಟು ಅಂತ ನಮಗೆ ಹೊಳೆಯಲೇ ಇಲ್ಲ. ಲೈಫ್ ಜಾಕೆಟ್ 12 ತಂದೆವು, ಒಂದಕ್ಕೆ 650. ಶಾಲೆಯ ಹತ್ತಿರದ ಕೆರೆಯಲ್ಲಿ ಹಾಕಿಕೊಂಡು ನೋಡಿದರೆ ಅರ್ಧ ತಾಸಿಗೆ ನೀರು ಹೀರಿ ಭಾರವಾದವು. ಈಗ ನಾಲ್ಕೇ ಇವೆ. ಒಂದಕ್ಕೆ 2 ಸಾವಿರ ಕೊಟ್ಟದ್ದು, ಗಟ್ಟಿ ಇವೆ. ಕಡಿಮೆ ದುಡ್ಡಿಗೆ 12 ತರುವುದಕ್ಕಿಂತ ಇದೇ ಸರಿ. ವಾಟ್ಸಾಪ್ ಗ್ರೂಪೂ ಮಾಡಿದ್ದೆವು. ರಾತ್ರಿ ಎರಡು ಗಂಟೆಗೆ ಹಾಕಿದ ಮೆಸೇಜನ್ನು ಜನ ಬೆಳಿಗ್ಗೆ ಏಳಕ್ಕೆ ನೋಡಿದರು. ಕರೆಂಟು ಹೋದ ಕೆಲ ತಾಸಿಗೆ ಟವರೂ ನಿಲ್ಲುತ್ತದೆ. ಹಾಗಾಗಿ ಫೋನಿನ ಕೆಲಸವೆಲ್ಲ ಕತ್ತಲಾಗುವ ಮೊದಲೇ ಮುಗಿಯಬೇಕು.

ನೀರಿನ ಮಟ್ಟ ಅಳೆಯಲು ಕಂಬ ನೆಟ್ಟು, ಅಡಿ, ಇಂಚು ಬರೆದು ಬಣ್ಣ ಹೊಡೆದೆವು. ಮೊದಲ ಮಳೆಗೇ ತೇಲಿ ಬಂದ ಮರದ ದಿಮ್ಮಿ ಹೊಡೆದು ಕಂಬ ಹೋಯಿತು. ಎರಡನೇ ಕಂಬ ನಿಂತಿತು. ಆದರೆ "ಆರೂವರೆ ಅಡಿ" ಎಂದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಆಗ ಪಾತಿ ದೋಣಿಯಲ್ಲಿ ಬಲೆ ಬೀಸುವ ಒಬ್ಬ ಅಜ್ಜ ಹೇಳಿದರು: "ತಮಾ, ತಾರಿ ಮೆಟ್ಟಿಲು ಇತ್ತಲ, ಅದೇ ಎಣ್ಸು." ನಮ್ಮ ತಾರಿಗೆ ಚಿರೇಕಲ್ಲಿನ 14 ಮೆಟ್ಟಿಲು. ಮೇಲಿನದು ಮುಳುಗಿದರೆ ಮೊದಲ ಮನೆಯ ಅಂಗಳಕ್ಕೆ ನೀರು. "ಐದು ಮೆಟ್ಟಿಲು ಉಳಿದಿದೆ" ಎಂದರೆ ಮಗುವಿಗೂ ಅರ್ಥವಾಗುತ್ತದೆ. ದೋಣಿ ಹತ್ತಿ ಇಳಿದ ಕಾಲುಗಳಿಗೆ ಆ ಮೆಟ್ಟಿಲು ಬಾಯಿಪಾಠ. ಅಲ್ಲಿಂದ ನಮ್ಮ ಅಳತೆ ಮೆಟ್ಟಿಲೇ ಆಯಿತು.

ಇನ್ನು ಹೊಳೆಯ ಮೇಲ್ಭಾಗದ ಸುದ್ದಿ. ಶಿರಸಿ–ಯಲ್ಲಾಪುರ ದಾರಿಯಲ್ಲಿ ಮಂಚಿಕೇರಿ ಹತ್ತಿರ ಬೇಡ್ತಿ ಸೇತುವೆ ಇದೆ, ನೋಡಿರುತ್ತೀರಿ. ದಿನಾ ಎರಡು ಸಲ ಆ ಸೇತುವೆ ದಾಟುವ ಗಾಡಿಯವರೊಬ್ಬರನ್ನು ಹಿಡಿದೆವು. ಕಂಬದ ಯಾವ ಗುರುತಿಗೆ ನೀರು ತಾಗಿದೆ ಎಂದು ಅವರು ಹೇಳಬೇಕು, ಅಷ್ಟೇ. ಅಲ್ಲಿ ಏರಿದ ನೀರು ನಮ್ಮಲ್ಲಿಗೆ ಬರಲು ನನ್ನ ಲೆಕ್ಕದಲ್ಲಿ ಎಂಟರಿಂದ ಹತ್ತು ತಾಸು. ಖುಷಿಯಾಯಿತು. ಆದರೆ ಆ ವರ್ಷದ ಆಗಸ್ಟಿನಲ್ಲಿ ಅವರು "ಏನೂ ಇಲ್ಲ, ಮಾಮೂಲಿ" ಎಂದ ದಿನವೇ ನಮ್ಮಲ್ಲಿ ಒಂಬತ್ತು ಮೆಟ್ಟಿಲು ಮುಳುಗಿತು. ಮಳೆ ಬಿದ್ದದ್ದು ಸೇತುವೆಗಿಂತ ಕೆಳಗೆ, ಘಟ್ಟದ ಇಳಿಜಾರಿನಲ್ಲಿ. ಅಲ್ಲಿನ ಹಳ್ಳಗಳೆಲ್ಲ ಸೀದಾ ಹೊಳೆಗೆ ಧುಮುಕುತ್ತವೆ. ಆಮೇಲೆ ಗುಳ್ಳಾಪುರದಲ್ಲಿ ಇನ್ನೊಬ್ಬರನ್ನು ಹಿಡಿದೆವು. ಅಲ್ಲಿಂದ ನಮಗೆ ಸುಮಾರು ನಾಲ್ಕು ತಾಸು. ಇಬ್ಬರ ಮಾತೂ ಕೂಡಿದರೆ ಮಾತ್ರ ಪೂರ್ತಿ ನಂಬುತ್ತೇವೆ. ಗುಳ್ಳಾಪುರ ಒಂದೇ ಹೇಳಿದರೂ ತಯಾರಿ ಶುರು. ಬೇಡ್ತಿ ಸೇತುವೆ ಒಂದೇ ಹೇಳಿದರೆ ಕಾಯುತ್ತೇವೆ.

ಇದರ ನಡುವೆ ಒಂದು ಪ್ರಯೋಗ. ಶಿರಸಿಯ ಸಹಸ್ರಲಿಂಗದ ಶಾಲ್ಮಲೆಯೂ ಕೊನೆಗೆ ನಮ್ಮ ಹೊಳೆಗೇ ಸೇರುತ್ತದಲ್ವಾ? ಬಂಡೆ ಮೇಲಿನ ಲಿಂಗಗಳಲ್ಲಿ ಎಷ್ಟು ಮುಳುಗಿವೆ ಅಂತ ನೋಡಿ ಹೇಳಲು ಅಲ್ಲಿನ ಭಾವನಿಗೆ ಹೇಳಿದ್ದೆ. ಮಳೆ ಹಿಡಿದ ಮೇಲೆ ಎಲ್ಲವೂ ಮುಳುಗಿಯೇ ಇರುತ್ತವೆ. ಅಳತೆಗೆ ಏನೂ ಉಳಿಯುವುದಿಲ್ಲ. ಆದರೂ ಭಾವ ಒಂದು ತಿಂಗಳು ದಿನಾ ಹೋಗಿ ನೋಡಿ ಹೇಳಿದರು. ಕೂಗಿ ಎಬ್ಬಿಸುವುದಕ್ಕೂ ಏನೇನೋ ನೋಡಿದೆವು. ಗರ್ನಾಲು ಪಟಾಕಿ ಮಳೆಗೆ ತಣಿದು ಹಾರಲಿಲ್ಲ. ಗುಮಟೆ ವಾದ್ಯದ ಚರ್ಮ ಥಂಡಿಗೆ ಸಡಿಲವಾಗಿ ಸ್ವರವೇ ಬರಲಿಲ್ಲ. ಈಗ ಒಬ್ಬ ಹುಡುಗನಿಗೆ ಆರು ಮನೆ. ಹೋಗಿ ಬಾಗಿಲು ಬಡಿಯಬೇಕು, ಒಳಗಿನವರ ಮುಖ ನೋಡಿಯೇ ಮುಂದಿನ ಮನೆಗೆ ಹೋಗಬೇಕು. ಗದ್ದೆಯಾಚೆಯ ಮೂರು ಮನೆಗೆ ಮಾತ್ರ ಟಾರ್ಚ್ ಸನ್ನೆ.

ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ಎರಡೂ ಕಡೆಯಿಂದ ಫೋನ್ ಬಂತು. ರಾತ್ರಿ 34 ಮನೆಯವರನ್ನು ಎಬ್ಬಿಸಿ, ಮಳೆಯಲ್ಲಿ ಮಕ್ಕಳು ಮರಿ ಸಮೇತ ಮೇಲೆ ಕರೆದೊಯ್ದೆವು. ನೀರು ಬರಲಿಲ್ಲ. ಮೂರು ಮೆಟ್ಟಿಲು ಉಳಿದಾಗ ನಿಂತಿತು. ಬೆಳಿಗ್ಗೆ ಬೈಗಳು ತಿಂದದ್ದು ಸಾಕಾಗಿ ಹೋಯಿತು. 19 ಹುಡುಗರಲ್ಲಿ ಏಳು ಮಂದಿ ಉಳಿದರು. ಪಿಕಪ್ಪಿನ ಡೀಸೆಲ್, ಅಕ್ಕಿ, ಗ್ಯಾಸು ಅಂತ 6 ಸಾವಿರ ಕೈಯಿಂದ ಹೋಯಿತು.

ಯಾಕೆ ತಪ್ಪಿತು ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಉತ್ತರ ಪಂಚಾಂಗದಲ್ಲಿತ್ತು. ಅವತ್ತು ಅಷ್ಟಮಿ. ಸಮುದ್ರದ ಭರತ, ಅಂದರೆ ಉಬ್ಬರ, ಸಣ್ಣದು, ಮೇಲಾಗಿ ಇಳಿತದ ಹೊತ್ತು. ಬಂದ ನೀರನ್ನು ಸಮುದ್ರ ನುಂಗಿಕೊಂಡಿತು. 2021ರ ಆ ಜುಲೈ 23 ಯಾವ ದಿನ? ಮಾರನೇ ದಿನವೇ ಗುರುಪೂರ್ಣಿಮೆ. ಹುಣ್ಣಿಮೆಯ ದೊಡ್ಡ ಭರತ ಹೊಳೆಯ ಬಾಯಿಗೆ ಒಡ್ಡು ಕಟ್ಟಿದ ಹಾಗೆ ನಿಂತಿತ್ತು. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು ಕಡಿಮೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಪೂರ್ತಿ ಭರತ, ಹಗಲೂ ರಾತ್ರಿಯೂ. ಅಲ್ಲಿಂದ ದಿನಕ್ಕೆ ಮುಕ್ಕಾಲು ತಾಸಿನ ಮೇಲೆ ಸ್ವಲ್ಪ ಮುಂದೆ ಹೋಗುತ್ತದೆ. ಮೀನುಗಾರರಿಗೆ ಇದು ಹುಟ್ಟಿದಾಗಿನಿಂದ ಗೊತ್ತು. ನಾವು ನೆರೆಯ ಲೆಕ್ಕಕ್ಕೆ ಹಚ್ಚಿರಲಿಲ್ಲ, ಅಷ್ಟೇ. ಹಾಗಂತ ನೆರೆಯೆಲ್ಲ ದೊಡ್ಡ ಭರತದ ಮೇಲೇ ಬರುತ್ತದೆ ಎಂದಲ್ಲ. 2019ರ ನೆರೆ ನಾಗರಪಂಚಮಿ ಕಳೆದು ಅಷ್ಟಮಿಯ ಹೊತ್ತಿನದು. ಮೇಲಿನ ಮಳೆಯೇ ಅಷ್ಟಿದ್ದರೆ ತಿಥಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ಯಾವ ತಿಥಿಗೆ ಎಷ್ಟು ಮೆಟ್ಟಿಲು ಕೂಡಿಸಬೇಕು, ಕಳೆಯಬೇಕು ಎಂಬ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ರಾತ್ರಿ ನಿದ್ದೆಗೆಟ್ಟು ಮಾಡಿದ್ದು ಅನ್ನುವುದು ಒಂದು. ನಮ್ಮ ತಾರಿಯ ಪಟ್ಟಿ ನಿಮ್ಮ ತಾರಿಗೆ ಹೊಂದುವುದಿಲ್ಲ ಅನ್ನುವುದು ಇನ್ನೊಂದು. ಗುಳ್ಳಾಪುರದವರು ನೀರಿನಲ್ಲಿ ಮಟ್ಟದ ಜೊತೆ ಇನ್ನೊಂದು ಗುರುತು ನೋಡಿ ಹೇಳುತ್ತಾರೆ. ಅದೂ ನಮ್ಮಲ್ಲೇ ಇರಲಿ. ಬಂದು ಒಂದು ರಾತ್ರಿ ನಮ್ಮ ಜೊತೆ ತಾರಿಯಲ್ಲಿ ಕೂತರೆ ತೋರಿಸುತ್ತೇನೆ.

2024ರ ಜುಲೈ 16ರ ಮಾತು ಹೇಳಲೇಬೇಕು. ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು ಹೊಳೆಗೇ ಜಾರಿತು. ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ಬಿತ್ತು. ಅಂಥದ್ದಕ್ಕೆ ನಮ್ಮ ಮೆಟ್ಟಿಲು ಏನೂ ಹೇಳುವುದಿಲ್ಲ. ಆ ವಾರ ನಾವೂ ಅನ್ನ ಬೇಯಿಸಿ ದೋಣಿಯಲ್ಲಿ ಸಾಗಿಸಿದೆವು. ಹುಡುಕುವವರ ಜೊತೆ ದಡದಲ್ಲಿ ನಿಂತೆವು. ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ನಾವು ಜನರನ್ನು ಕರೆದೊಯ್ಯುತ್ತಿದ್ದ ಜಾಗ ಬದಲಿಸಿದ್ದು. ಆ ಕಟ್ಟಡದ ಹಿಂದೆಯೇ ಗುಡ್ಡ ಕಡಿದಿದ್ದರು. ನೀರಿನಿಂದ ತಪ್ಪಿಸಿ ಮಣ್ಣಿನ ಕೆಳಗೆ ಮಲಗಿಸುತ್ತಿದ್ದೆವು, ಮೂರು ವರ್ಷ. ಈಗ ಸ್ವಲ್ಪ ದೂರವಾದರೂ ಬಯಲಿನ ಶಾಲೆಗೆ ಹೋಗುತ್ತೇವೆ. ನಿಮ್ಮ ಜಾಗದ ಹಿಂದೆ ಏನಿದೆ, ಇವತ್ತೇ ಹೋಗಿ ನೋಡಿ.

ಹೋದ ವರ್ಷಕ್ಕೆ ಇನ್ನೆರಡು ಬದಲಾವಣೆ ಮಾಡಿದ್ದೆವು. ಮನೆಪಟ್ಟಿ ಹುಡುಗರ ಕೈಯಿಂದ ಸ್ವಸಹಾಯ ಸಂಘದ ಅಕ್ಕಂದಿರ ಕೈಗೆ ಹೋಯಿತು. ಯಾರಿಗೆ ತಿಂಗಳು ತುಂಬಿದೆ, ಯಾರಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬೇಕು, ಯಾರು ರಾತ್ರಿ ಕಿವಿ ಕೇಳದೆ ಮಲಗುತ್ತಾರೆ, ಎಲ್ಲ ಅವರಿಗೆ ಗೊತ್ತು. ನಾವು ಎರಡು ವರ್ಷದಲ್ಲಿ ಮಾಡಲಾಗದ ಪಟ್ಟಿಯನ್ನು ಅವರು ಎರಡು ಸಂಜೆಯಲ್ಲಿ ಮುಗಿಸಿದರು. ಪಹಣಿ, ರೇಷನ್ ಕಾರ್ಡು, ಪಾಸ್‌ಬುಕ್ಕು ಮನೆಗೊಂದು ಮುಚ್ಚಳದ ಡಬ್ಬಿಯಲ್ಲಿ. 2019ರಲ್ಲಿ ಸರ್ಕಾರ 10,000 ರೂಪಾಯಿ ಕೊಡುವಾಗ ಕಾಗದ ತೊಳೆದುಹೋದವರು ಎಷ್ಟು ಓಡಾಡಿದರು ಅಂತ ನಾವು ಕಣ್ಣಾರೆ ನೋಡಿದ್ದೇವೆ.

ಇನ್ನೊಂದು, ದನ ಮೊದಲು. ಜನ ಮನೆ ಬಿಡದಿರುವುದು ಹಟಕ್ಕಲ್ಲ. ಒಬ್ಬ ಅಮ್ಮ ನೇರವಾಗಿಯೇ ಹೇಳಿದ್ದರು: "ತಮಾ, ನನ್ನ ಗೌರಿ ಇಲ್ಲೇ ಇದ್ರೆ ನಾ ಬರೂದಿಲ್ಲ." ಹಾಗಾಗಿ ಬೆಳಕಿದ್ದಾಗಲೇ ದನಕರುಗಳನ್ನು ಮೇಲಿನ ಬೇಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹೊಡೆಯುತ್ತೇವೆ. ಅಲ್ಲಿ ತಗಡಿನ ಮಾಡು, ಹುಲ್ಲು. ಅದಕ್ಕೇ 22 ಸಾವಿರ ಬಿತ್ತು, ನಮ್ಮ ಅತಿ ದೊಡ್ಡ ಖರ್ಚು. ದನ ಹೋದ ಮನೆಯಲ್ಲಿ ಸಂಜೆ ಹಾಲು ಕರೆಯಲು ಯಾರಾದರೂ ಮೇಲೆ ಹೋಗಲೇಬೇಕು. ಉಳಿದವರು ಹಿಂದೆಯೇ ಬರುತ್ತಾರೆ. ಯಾರಿಗೂ ಒತ್ತಾಯ ಮಾಡಬೇಕಾಗಿಲ್ಲ.

ಹೋದ ವರ್ಷ ಆಷಾಢದ ಅಮಾವಾಸ್ಯೆಯ ಹಿಂದಿನ ದಿನ. ಬೆಳಿಗ್ಗೆ ಎಂಟರ ಹೊತ್ತಿಗೆ ಬೇಡ್ತಿ ಸೇತುವೆಯಿಂದ ಫೋನ್. ಮಧ್ಯಾಹ್ನ ಒಂದೂವರೆಗೆ ಗುಳ್ಳಾಪುರದಿಂದ. ನಮ್ಮ ತಾರಿಯಲ್ಲಿ ಆಗ ಎಂಟು ಮೆಟ್ಟಿಲು ಉಳಿದಿತ್ತು, ನೋಡಿದರೆ ಹೆದರುವ ಹಾಗೇನೂ ಇರಲಿಲ್ಲ. ಪಟ್ಟಿ ಹಿಡಿದು ಲೆಕ್ಕ ಹಾಕಿದೆ. ರಾತ್ರಿ ಭರತಕ್ಕೆ ಅಂಗಳ ದಾಟುತ್ತದೆ ಅಂತ ಬಂತು. ಎರಡು ಗಂಟೆಗೆ ದನ ಹೊಡೆದೆವು. ಪಂಚಾಯತಿಗೂ ತಾಲೂಕು ಕಚೇರಿಗೂ ತಿಳಿಸಿದೆವು. ಒಬ್ಬ ಹಿರಿಯರು ಜಗುಲಿಯಲ್ಲಿ ಕೂತು "ಹೋದ ಸಲದ ಹಾಗೇ" ಅಂದರು. ನಾನು ಮಾತಾಡಲಿಲ್ಲ, ಅವರ ಎಮ್ಮೆಯ ಕಣ್ಣಿ ಬಿಚ್ಚಿದೆ. ಎಂಟೂವರೆಗೆ ಸುಮಾರು 160 ಜನ ಶಾಲೆಯಲ್ಲಿದ್ದರು, ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಆ ಹಿರಿಯರು ಕೊನೆಗೆ ಬಂದರು.

ನಾನು ಮತ್ತೊಬ್ಬ ಹುಡುಗ ತಾರಿಯ ಮೇಲೆ ಹಗ್ಗ ಕಟ್ಟಿಕೊಂಡು ಟಾರ್ಚು ಹಿಡಿದು ಕೂತೆವು. ಹತ್ತಕ್ಕೆ ಮೂರು ಮೆಟ್ಟಿಲು. ಹತ್ತೂ ಮುಕ್ಕಾಲಕ್ಕೆ ಒಂದು. ನೀರು ಸದ್ದಿಲ್ಲದೆ, ಹಾಲು ಉಕ್ಕುವ ಹಾಗೆ ಏರುತ್ತಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಕೊನೆಯ ಮೆಟ್ಟಿಲು ಕಾಣಲಿಲ್ಲ. ನಾನು ಲೆಕ್ಕ ಹಾಕಿದ್ದು ಹನ್ನೊಂದೂವರೆ. ಕೈ ನಡುಗುತ್ತಿತ್ತು, ಆದರೂ ಅಷ್ಟು ಸಮಾಧಾನ ಜೀವನದಲ್ಲಿ ಎಂದೂ ಆಗಿರಲಿಲ್ಲ. ಬೆಳಿಗ್ಗೆ ನೋಡಿದರೆ ನಮ್ಮ ಕೊಟ್ಟಿಗೆಯಲ್ಲಿ ಸೊಂಟದ ಮಟ್ಟ ನೀರು. ಕಂಬದ ಕತ್ತಿ ಅಲ್ಲೇ ಇತ್ತು, ಒಣಗಿಕೊಂಡು.

ಒಟ್ಟು ನಾಲ್ಕು ವರ್ಷಕ್ಕೆ ಒಂದು 85 ಸಾವಿರ ಹೋಗಿರಬಹುದು. ಅದರಲ್ಲಿ ಮೂವತ್ತು ಸಾವಿರ ತಪ್ಪು ವಸ್ತುಗಳಿಗೆ. ಈಗ 17 ಹುಡುಗರಿದ್ದಾರೆ, ಬಿಟ್ಟು ಹೋದವರೂ ಬಂದರು. 200 ಲೀಟರಿನ ಆರು ನೀಲಿ ಡ್ರಮ್ಮಿಗೆ ಅಡಿಕೆ ದಬ್ಬೆ ಕಟ್ಟಿ ತೆಪ್ಪ ಮಾಡಿದ್ದೇವೆ, ಎಂಟು ಜನರನ್ನು ಹೊರುತ್ತದೆ. ಎರಡು ಡ್ರಮ್ಮು ಬಿಸಿಲಿಗೆ ಸೀಳಿವೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಬದಲಿಸಬೇಕು. ಕೆಳಗಿನ ತಾರಿಯವರು ತಮ್ಮ ಮೆಟ್ಟಿಲಿಗೂ ಗುರುತು ಹಾಕಲು ಕರೆದಿದ್ದಾರೆ. ಬರುವ ಅಮಾವಾಸ್ಯೆಯ ರಾತ್ರಿ ಭರತಕ್ಕೆ ಅಲ್ಲಿ ಹೋಗಿ ಕೂರುತ್ತೇವೆ.