ಕಕ್ಕಡಕ್ಕೆ ಮೊದಲೇ ಕಟ್ಟಿಡಬೇಕಾದ ಚೀಲ

ಮುಂಗಾರು ಹಿಡಿಯುವ ಮೊದಲು ಕೊಡಗಿನ ಮನೆಗಳಲ್ಲಿ ಏನೇನು ಕೆಲಸ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸೌದೆ ಒಳಗೆ ಪೇರಿಸಬೇಕು, ಒಡೆದ ಹೆಂಚು ಬದಲಿಸಬೇಕು, ಚರಂಡಿ ಬಿಡಿಸಬೇಕು, ಅಕ್ಕಿ, ಒಣಮೀನು, ಉಪ್ಪಿನಕಾಯಿ ಎಲ್ಲ ಕೂಡಿಡಬೇಕು. 2018ರ ನಂತರ ಇದರ ಜೊತೆಗೆ ಇನ್ನೊಂದು ಕೆಲಸ ಸೇರಿದೆ. ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲವನ್ನು ಮೇ ತಿಂಗಳು ಮುಗಿಯುವುದರೊಳಗೆ ಕಟ್ಟಿಡಬೇಕು.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ ಬೆಟ್ಟ ಕುಸಿಯಿತು, ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳಿಗೇ ನುಗ್ಗಿದಳು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷವೂ ಕಕ್ಕಡ ಮಾಸದಲ್ಲೇ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ತಿಂಗಳು) ಅಥವಾ ಅದು ಮುಗಿಯುತ್ತಿದ್ದ ಹಾಗೇ ಆದದ್ದು ನೋಡಿ. ಜೂನ್‌ನ ಮೊದಲ ಮಳೆಗೆ ಹೆದರುವ ನಾವು ಆಗಸ್ಟ್ ಹೊತ್ತಿಗೆ ಮಳೆಗೆ ಒಗ್ಗಿಹೋಗಿರುತ್ತೇವೆ. ಮಣ್ಣು ಮಾತ್ರ ಆ ಹೊತ್ತಿಗೆ ಎರಡು ತಿಂಗಳ ನೀರು ಕುಡಿದು ಭಾರವಾಗಿರುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಕಟ್ಟಿದ ಚೀಲವನ್ನು ಜುಲೈ ಕೊನೆಗೆ ಒಮ್ಮೆ ಬಿಚ್ಚಿ ನೋಡಲೇಬೇಕು.

ಬಿಚ್ಚಿ ನೋಡಿ ಎನ್ನುವುದಕ್ಕೆ ಕಾರಣ ನಮ್ಮ ಊರಿನ ಶೀತ, ಅಂದರೆ ಗಾಳಿಯಲ್ಲೇ ಇರುವ ತೇವ. ಬಯಲುಸೀಮೆಯವರಿಗೆ ಬರೆದ ಪಟ್ಟಿ ಹಿಡಿದು ಚೀಲ ತುಂಬಿಸಿದರೆ ಕೊಡಗಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಬಾಗಿಲು ಹಾಕಿದ ಬೀರುವಿನೊಳಗೇ ಸೀರೆಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೆಟ್ಟಿಗೆಯ ಪಟ್ಟಿ ಮೆತ್ತಗಾಗುತ್ತದೆ, ಬಿಸ್ಕತ್ತು ನಾರುತ್ತದೆ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿದರೆ ಹದಿನೈದು ದಿನಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚೀಲಕ್ಕೆ ಏನು ಹಾಕಬೇಕು ಎನ್ನುವುದನ್ನು ಆಮೇಲೆ ಯೋಚಿಸಿದರೂ ಆದೀತು. ಹಾಕಿದ್ದೆಲ್ಲ ಒಣಗಿಯೇ ಇರುವುದು ಹೇಗೆ ಎಂಬ ಲೆಕ್ಕ ಮೊದಲು ಆಗಬೇಕು.

ನಾನು ಮಾಡುವ ಕ್ರಮ ಹೀಗೆ. ಮೇ ತಿಂಗಳ ಒಳ್ಳೆಯ ಬಿಸಿಲಿನ ದಿನ ಕಾಫಿ ಕಣದಲ್ಲಿ ಚೀಲ, ಕಂಬಳಿ, ಬಟ್ಟೆ ಎಲ್ಲವನ್ನೂ ಹರಡಿ, ಮಧ್ಯಾಹ್ನದವರೆಗೆ ಕಾಯಿಸಿ, ಬಿಸಿ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿಸುತ್ತೇನೆ. ಒಂದೊಂದು ಜಾತಿಯ ಸಾಮಾನಿಗೆ ಒಂದೊಂದು ಕವರು. ಬಟ್ಟೆಯದು ಬೇರೆ, ಔಷಧಿಯದು ಬೇರೆ, ಕಾಗದಪತ್ರದ್ದು ಬೇರೆ, ತಿನ್ನುವುದು ಬೇರೆ. ಕೈಯಲ್ಲಿ ಒತ್ತಿ ಗಾಳಿ ಹೊರಗೆ ಹಾಕಿ, ಬಾಯಿಯನ್ನು ತಿರುಚಿ, ತಿರುಚಿದ ಭಾಗವನ್ನು ಕೆಳಗೆ ಮಡಚಿ, ಆಮೇಲೆ ರಬ್ಬರ್ ಬ್ಯಾಂಡ್ ಹಾಕಬೇಕು. ಸುಮ್ಮನೆ ಗಂಟು ಹಾಕಿದರೆ ಗಂಟಿನ ಸಂದಿಯಲ್ಲಿ ನೀರು ಇಳಿಯುತ್ತದೆ. ಈ ಕವರುಗಳೆಲ್ಲ ಹೋಗುವುದು ಮಕ್ಕಳ ಹಳೆಯ ಶಾಲಾ ಬ್ಯಾಗಿಗೆ. ಎರಡು ಪಟ್ಟಿಯ ಬ್ಯಾಗೇ ಆಗಬೇಕು, ಯಾಕೆಂದರೆ ಕೈ ಎರಡೂ ಖಾಲಿ ಇರಬೇಕು. ಒಂದು ಕೈಗೆ ಊರುಗೋಲು, ಇನ್ನೊಂದಕ್ಕೆ ಮಗುವಿನ ಕೈ. ಸೂಟ್‌ಕೇಸು, ಟ್ರಂಕು, ಚೀಲದ ಮೇಲೆ ಚೀಲ ಇವೆಲ್ಲ ಜೀಪು ಮನೆ ಬಾಗಿಲಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟುವಂಥವು. ರಸ್ತೆ ಮೇಲೆಯೇ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಬಿದ್ದಿರುವಾಗ ಜೀಪು ಎಲ್ಲಿಂದ ಬರಬೇಕು?

ಚೀಲ ಇಡುವ ಜಾಗ ಅಡುಗೆ ಒಲೆಯ ಅಥವಾ ಬಚ್ಚಲ ಹಂಡೆ ಒಲೆಯ ಹಿಂದಿನ ಗೋಡೆ. ಬೆಂಕಿ ತಾಗದಷ್ಟು ದೂರ, ಬೆಚ್ಚಗಿರುವಷ್ಟು ಹತ್ತಿರ. ಸೌದೆ ಒಲೆ ಇಲ್ಲದ ಮನೆಯವರು ಹೊರಬಾಗಿಲ ಒಳಗಡೆ ಒಂದು ಮೊಳೆ ಹೊಡೆದು ಅಲ್ಲಿ ತೂಗುಹಾಕಿ, ವಾರಕ್ಕೊಮ್ಮೆ ಮುಟ್ಟಿ ನೋಡಿ. ಅಟ್ಟದಲ್ಲಂತೂ ಬೇಡ.

ತೂಕದ ಬಗ್ಗೆ ನನ್ನದು ಖಂಡಿತವಾದ ಮಾತು. ಯಾರ ಚೀಲವೋ ಅವರೇ ಅದನ್ನು ಹೊತ್ತು ಅಂಗಳದಿಂದ ರಸ್ತೆಯವರೆಗೆ ಹತ್ತಿ ಇಳಿದು ಬರಬೇಕು, ಅದೂ ಮಳೆ ಬರುವಾಗ. ಏದುಸಿರು ಬಂದರೆ ಏನಾದರೂ ತೆಗೆಯಿರಿ. ವಯಸ್ಸಾದವರಿಗೆ ನಾಲ್ಕೈದು ಕಿಲೋ ಸಾಕು. ಅದಕ್ಕಿಂತ ಹೆಚ್ಚಾದರೆ ಕೊನೆಗೆ ಅವರ ಚೀಲವನ್ನೂ ಅವರನ್ನೂ ಹೊರುವ ಕೆಲಸ ಮಗ ಸೊಸೆಯರ ಮೇಲೆ ಬೀಳುತ್ತದೆ.

ತಿನ್ನುವ ವಿಷಯಕ್ಕೆ ಬಂದರೆ, ಪರಿಹಾರ ಕೇಂದ್ರ ಸೇರಿದ ಮೇಲೆ ಊಟ ಸಿಗುತ್ತದೆ. 2018ರಲ್ಲಿ ಊರೂರಿನಿಂದ ಅಕ್ಕಿ, ಬೇಳೆ, ಬಟ್ಟೆ ಲಾರಿಗಟ್ಟಲೆ ಬಂತು, ಆ ಉಪಕಾರವನ್ನು ಕೊಡಗು ಮರೆಯಬಾರದು. ಕಷ್ಟವಿರುವುದು ಮನೆಯಿಂದ ಕೇಂದ್ರ ಸೇರುವವರೆಗಿನ ಹೊತ್ತಿಗೆ. ರಸ್ತೆ ಕಡಿದು ಯಾವುದೋ ಶಾಲೆಯ ಜಗಲಿಯಲ್ಲೋ ಗುಡ್ಡದ ಮೇಲಿನ ಯಾರದ್ದೋ ಮನೆಯಲ್ಲೋ ಒಂದೆರಡು ರಾತ್ರಿ ಕಳೆಯಬೇಕಾಗಬಹುದು. ಅದಕ್ಕೆ ಬೇಯಿಸದೆ ತಿನ್ನುವಂಥದ್ದು ಬೇಕು. ನನ್ನ ಕೈ ಮೊದಲು ಹೋಗುವುದು ತಂಬಿಟ್ಟಿನ ಪುಡಿಗೆ. ಕುಸುಬಲಕ್ಕಿಯನ್ನು ಸಣ್ಣ ಉರಿಯಲ್ಲಿ, ಕಾಳು ಉಬ್ಬಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯಬೇಕು. ಕೊನೆಗೆ ಸ್ವಲ್ಪ ಮೆಂತ್ಯ ಹಾಕಿ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಏಲಕ್ಕಿಯೊಂದಿಗೆ ಪುಡಿ ಮಾಡಿ, ಜರಡಿ ಹಿಡಿದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗ ತುಂಬಿದರೆ ಮುಚ್ಚಳದ ಒಳಗೆ ಬೆವರಿ ಪುಡಿ ಗಂಟು ಕಟ್ಟುತ್ತದೆ. ಪುತ್ತರಿ ಸುಗ್ಗಿಹಬ್ಬಕ್ಕೆ ಮಾಡುವ ಹಾಗೆ ತುಪ್ಪ, ತೆಂಗಿನಕಾಯಿ, ಎಳ್ಳು ಏನೂ ಬೇಡ. ಒಂದು ಬಾಳೆಹಣ್ಣು ಕಿವುಚಿ ಕಲಸಿದರೆ ಊಟವಾಯಿತು. ಹಣ್ಣಿಲ್ಲದಿದ್ದರೆ ಬೆಲ್ಲ ಮತ್ತು ನೀರು ಸಾಕು. ಹಲ್ಲಿಲ್ಲದವರೂ ತಿನ್ನುತ್ತಾರೆ, ಎರಡು ವರ್ಷದ ಮಗುವೂ ತಿನ್ನುತ್ತದೆ. ಇದರ ಜೊತೆಗೆ ಹುರಿಗಡಲೆ, ಬೆಲ್ಲದ ಅಚ್ಚು, ಒಂದು ಪೊಟ್ಟಣ ಅವಲಕ್ಕಿ. ಚಿಪ್ಸು, ನೂಡಲ್ಸು ಜಾಗ ತಿನ್ನುತ್ತವೆ, ಹೊಟ್ಟೆ ತುಂಬಿಸುವುದಿಲ್ಲ.

ನೀರು ಭಾರದ ವಸ್ತು. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಬೇಕು ಎಂದು ಲೆಕ್ಕ ಹೇಳುತ್ತಾರೆ, ಅಷ್ಟನ್ನು ಹೊತ್ತು ಗುಡ್ಡ ಇಳಿಯಲಾಗುವುದಿಲ್ಲ. ಆದ್ದರಿಂದ ತಲೆಗೊಂದು ಲೀಟರ್ ಬಾಟಲಿ, ಜೊತೆಗೆ ಒಂದು ಸಣ್ಣ ಸ್ಟೀಲ್ ಪಾತ್ರೆ ಮತ್ತು ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆ. ಮಳೆನೀರು ಹಿಡಿದು ಕುದಿಸಿಕೊಳ್ಳಬಹುದು. ಗುಡ್ಡ ಕುಸಿದ ಕಡೆ ಬಾವಿ, ತೋಡು, ಊರಿನ ನಲ್ಲಿ ಯಾವುದರ ನೀರನ್ನೂ ಕುದಿಸದೆ ಬಾಯಿಗಿಡಬೇಡಿ. ಭೇದಿ ಹಿಡಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನು ಒಂದು ಚೀಟಿಯಲ್ಲಿ ಬರೆದು ಸಕ್ಕರೆ ಪೊಟ್ಟಣದ ಜೊತೆಗೇ ಕಟ್ಟಿಡಿ, ಗಾಬರಿಯಲ್ಲಿ ಅಳತೆ ನೆನಪಿರುವುದಿಲ್ಲ.

ಔಷಧಿ ಒಂದು ವಾರಕ್ಕಾಗುವಷ್ಟು, ಸ್ಟ್ರಿಪ್ಪಿನಲ್ಲೇ ಇರಲಿ. ಯಾರಿಗೆ, ಯಾವಾಗ, ಎಷ್ಟು ಎಂದು ಮನೆಯವರ ಹೆಸರಿನ ಸಮೇತ ಬರೆದ ಕಾಗದ ಮೇಲೆಯೇ ಇರಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಆ ಗಡಿಬಿಡಿಯಲ್ಲಿ ಎರಡು ದಿನ ಬಿಟ್ಟರೆ ಆಗುವ ತೊಂದರೆ ಸಣ್ಣದಲ್ಲ. ಇನ್ಸುಲಿನ್ ಹಾಕಿಕೊಳ್ಳುವವರಿಗೆ ಫ್ರಿಜ್ಜು ಇಲ್ಲವಲ್ಲ ಎಂಬ ಚಿಂತೆ ಇರುತ್ತದೆ. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗಡೆಯೇ ಇರಬಹುದು, ನಮ್ಮ ಮಳೆಗಾಲದ ತಂಪಿನಲ್ಲಿ ಅದಕ್ಕೆ ಭಯವಿಲ್ಲ. ನಿಮ್ಮದರ ಲೆಕ್ಕವನ್ನು ಡಾಕ್ಟರರನ್ನು ಒಮ್ಮೆ ಕೇಳಿಟ್ಟುಕೊಳ್ಳಿ. ಹಳೆಯ ಕನ್ನಡಕ ಒಂದು, ಹಲ್ಲು ಸೆಟ್ಟಿನ ಡಬ್ಬಿ, ಹೆಣ್ಣುಮಕ್ಕಳ ಪ್ಯಾಡು, ಮುದುಕರಿಗೆ ಬೇಕಾದರೆ ಡೈಪರು. ಕೇಳಲು ನಾಚಿಕೆಪಡುವ ಸಾಮಾನುಗಳಿವು, ಕೇಂದ್ರದಲ್ಲಿ ನೂರು ಜನರ ಮುಂದೆ ಬಾಯಿ ಬಿಟ್ಟು ಕೇಳುವ ಸ್ಥಿತಿ ಯಾರಿಗೂ ಬರಬಾರದು. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗಿಳಿಯುವ ಮೊದಲು ಪ್ಲಾಸ್ಟಿಕ್ ಸುತ್ತಿ ಕಟ್ಟಿ. ನೆರೆ ಇಳಿದ ಮೇಲೆ ಇಲಿ ಜ್ವರ ಬರುವುದು ಇಂಥ ಗಾಯಗಳಿಂದಲೇ. ಆಮೇಲೆ ಜ್ವರ, ಮೈಕೈ ನೋವು, ಕಣ್ಣು ಕೆಂಪು ಕಂಡರೆ ಕೆಸರಿನಲ್ಲಿ ನಡೆದದ್ದನ್ನು ಡಾಕ್ಟರರಿಗೆ ಹೇಳಲು ಮರೆಯಬೇಡಿ. ಜಿಗಣೆಗೆ ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಂಡರೆ ಆಯಿತು.

ಗಮ್ ಬೂಟು ತೋಟಕ್ಕೆ ಒಳ್ಳೆಯದು, ಹರಿಯುವ ನೀರು ದಾಟಲು ಬೇಡ. ಮೊಣಕಾಲಿಗೆ ನೀರು ಬಂದರೆ ಬೂಟಿನೊಳಗೆ ತುಂಬಿ ಕಾಲು ಎತ್ತಲಾಗುವುದಿಲ್ಲ. ಹಿಂದೆ ಪಟ್ಟಿ ಇರುವ ಹಳೆಯ ಸ್ಯಾಂಡಲ್ಲು ಅಥವಾ ಕ್ಯಾನ್ವಾಸ್ ಶೂ ಸಾಕು.

ಟಾರ್ಚು ತಲೆಗೆ ಕಟ್ಟುವಂಥದ್ದಿರಲಿ. ಸಣ್ಣ ಪವರ್ ಬ್ಯಾಂಕು, ಒಂದು ಪೀಪಿ, ಹತ್ತು ಮಾರು ನೈಲಾನ್ ಹಗ್ಗ, ಒಂದು ಕತ್ತಿ, ಎರಡು ಮೇಣದಬತ್ತಿ, ಬ್ಯಾಟರಿ ಹಾಕುವ ರೇಡಿಯೋ. ಕರೆಂಟು ಹೋದ ಮೇಲೆ ಮೊಬೈಲ್ ಟವರು ಎಷ್ಟು ಹೊತ್ತು ನಡೆಯುತ್ತದೆಂದು ಹೇಳಲಾಗದು, ಮಡಿಕೇರಿ ಆಕಾಶವಾಣಿ ಆಗ ನಮಗೆ ಬೇಕಾಗುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ಎಲ್ಲ ತುರ್ತಿಗೆ 112, ಆಂಬುಲೆನ್ಸಿಗೆ 108. ಇವುಗಳನ್ನೂ ಹತ್ತಿರದ ನೆಂಟರ ನಂಬರುಗಳನ್ನೂ ಕಾಗದದ ಮೇಲೆ ಬರೆದಿಡಿ. ಫೋನು ಒದ್ದೆಯಾದರೆ ಸ್ವಂತ ಮಗನ ನಂಬರು ಎಷ್ಟು ಜನರಿಗೆ ಬಾಯಿಪಾಠ ಇದೆ?

ಕಾಗದಪತ್ರ ಎಂದರೆ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಪಹಣಿ, ಮಕ್ಕಳ ಅಂಕಪಟ್ಟಿ, ವಿಮೆ, ಕೋವಿ ಇದ್ದವರಿಗೆ ಅದರ ಲೈಸೆನ್ಸ್ ವಿನಾಯಿತಿ ಪತ್ರ. ಎಲ್ಲದರ ಜೆರಾಕ್ಸು ಚೀಲದಲ್ಲಿ, ಫೋಟೋ ಊರ ಹೊರಗಿನ ಮಕ್ಕಳ ಫೋನಿನಲ್ಲಿ. ಮೂಲಪ್ರತಿಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿ, ಹೊರಡುವಾಗ ಒಂದೇ ಬಾರಿಗೆ ಎಳೆದುಕೊಳ್ಳುವ ಹಾಗೆ ಇಡಿ. ಮನೆಯನ್ನು ನಾಲ್ಕೂ ದಿಕ್ಕಿನಿಂದ, ಕೊಟ್ಟಿಗೆ, ಕಣ, ಪಂಪ್‌ಹೌಸು ಸಮೇತ ಮಳೆಗೆ ಮೊದಲೇ ಫೋಟೋ ತೆಗೆದಿಡಿ. ಅಲ್ಲಿ ಏನಿತ್ತು ಎಂದು ಆಮೇಲೆ ತೋರಿಸಬೇಕಾದವರು ನಾವೇ. ಪೈಸಾರಿ (ಸರ್ಕಾರಿ) ಜಾಗದಲ್ಲಿ ಮನೆ ಕಟ್ಟಿಕೊಂಡವರ ಬಳಿ ಪಹಣಿ ಇರುವುದಿಲ್ಲ, ಅವರು ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ ಯಾವುದಿದ್ದರೂ ಬಿಡದೆ ಇಟ್ಟುಕೊಳ್ಳಲಿ. ದುಡ್ಡು ಹತ್ತು, ಐವತ್ತು, ನೂರರ ನೋಟುಗಳಲ್ಲಿರಲಿ. ಕರೆಂಟಿಲ್ಲದೆ ಎಟಿಎಂ ಇಲ್ಲ, ಐನೂರಕ್ಕೆ ಚಿಲ್ಲರೆ ಕೊಡುವ ಅಂಗಡಿಯೂ ಇಲ್ಲ.

ಇಷ್ಟೆಲ್ಲ ಕಟ್ಟಿಟ್ಟರೂ ತಡವಾಗಿ ಹೊರಟರೆ ಪ್ರಯೋಜನವಿಲ್ಲ. ತೋಟದವರ ಮನೆಗಳಲ್ಲಿ ಮಳೆ ಅಳೆಯುವ ಮಾಪಕ ಇದ್ದೇ ಇರುತ್ತದೆ, ಇಂಚಿನಲ್ಲಿ ಬರೆದಿಡುವ ಪುಸ್ತಕವೂ ಇರುತ್ತದೆ. ಹವಾಮಾನ ಇಲಾಖೆಯವರು ಅತಿ ಹೆಚ್ಚಿನ ಮಳೆ ಎಂದು ಕೆಂಪು ಎಚ್ಚರಿಕೆ ಕೊಡುವುದು ದಿನಕ್ಕೆ 204.5 ಮಿಲಿಮೀಟರ್ ದಾಟುವ ಮಳೆಗೆ, ನಮ್ಮ ಲೆಕ್ಕದಲ್ಲಿ ಎಂಟು ಇಂಚು. ಕೆಲವು ದಿನ ಎಡೆಬಿಡದೆ ಸುರಿದ ಮೇಲೆ ಅದರರ್ಧ ಬಂದರೂ ಚೀಲ ಒಲೆಯ ಬಳಿಯಿಂದ ಬಾಗಿಲಿಗೆ ಬರಲಿ. ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು ಕಂಡರೆ, ಸಲೀಸಾಗಿ ಹಾಕುತ್ತಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿದರೆ, ಕಂಬ ಇಲ್ಲವೇ ಮರ ವಾಲಿದರೆ, ಬರೆಯಲ್ಲಿ ಇಲ್ಲದ ಒರತೆ ಹುಟ್ಟಿ ಕೆಂಪು ನೀರು ಬಂದರೆ ಅಪ್ಪಣೆಗೆ ಕಾಯಬೇಡಿ. ತುಂಬಿ ಹರಿಯುತ್ತಿದ್ದ ಕೊಲ್ಲಿ (ಗುಡ್ಡದ ಸಂದಿಯ ತೊರೆ) ಮಳೆ ನಿಲ್ಲದೆಯೇ ಇದ್ದಕ್ಕಿದ್ದಂತೆ ಸಣ್ಣದಾದರೆ ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಕೊಲ್ಲಿಯ ಹಾದಿ ಹಿಡಿದು ಇಳಿಯಬಾರದು, ಅಡ್ಡಕ್ಕೆ ಸರಿದು ಗಟ್ಟಿ ನೆಲ ಸೇರಬೇಕು. ಬೆಳಕಿರುವಾಗಲೇ ಹೊರಡಿ. "ಅತ್ತೆ, ಸಂಜೆವರೆಗೆ ನೋಡುವ" ಎಂದು ಸೊಸೆ ಹೇಳಿದರೆ "ಸಂಜೆ ಬೇಕಾದರೆ ವಾಪಸು ಬರುವ, ಈಗ ಚಪ್ಪಲಿ ಹಾಕು" ಎಂದು ನಾನು ಹೇಳುವುದು. ದಾರಿಯೂ ಎರಡು ಗೊತ್ತಿರಬೇಕು. ಜೋಡುಪಾಲದವರಿಗೆ 2018ರಲ್ಲಿ ಮಡಿಕೇರಿಯ ದಾರಿ ಕಡಿದುಹೋಗಿತ್ತು, ಅವರಿಗೆ ಆಸರೆಯಾದದ್ದು ಕೆಳಗಿನ ಸಂಪಾಜೆ, ಕಲ್ಲುಗುಂಡಿ, ಅರಂತೋಡು.

ಹೊರಡುವಾಗ ಗ್ಯಾಸಿನ ರೆಗ್ಯುಲೇಟರು ಮುಚ್ಚಿ, ಮೇನ್ ಸ್ವಿಚ್ಚು ಇಳಿಸಿ. ದನದ ಹಗ್ಗ ಬಿಚ್ಚಿ, ನಾಯಿಯ ಸರಪಳಿ ತೆಗೆಯಿರಿ, ಹಂದಿಗೂಡು, ಕೋಳಿಗೂಡಿನ ಬಾಗಿಲು ತೆರೆದುಬಿಡಿ. ಬಿಟ್ಟ ದನ ದಿಣ್ಣೆ ಹುಡುಕಿಕೊಂಡು ಹತ್ತುತ್ತದೆ, ಕಟ್ಟಿದ ದನಕ್ಕೆ ಏನೂ ದಾರಿಯಿಲ್ಲ.

ತೋಟದ ಮಾಲೀಕರಿಗೆ ಒಂದು ಮಾತು. ಕೆಲಸಗಾರರ ಲೈನ್ ಮನೆಗಳು ಎಷ್ಟೋ ಕಡೆ ಬರೆಯ ಬುಡದಲ್ಲೋ ಹೊಳೆಯ ಪಕ್ಕದಲ್ಲೋ ಇವೆ. ಅಲ್ಲಿರುವ ಅಸ್ಸಾಮಿನ ಹುಡುಗರಿಗೆ ಕನ್ನಡದ ರೇಡಿಯೋ ಅರ್ಥವಾಗುವುದಿಲ್ಲ, ನಮ್ಮ ಗುಡ್ಡದ ಗುರುತೂ ಇಲ್ಲ. ಅವರಿಗೂ ಮೇ ತಿಂಗಳಲ್ಲೇ ಚೀಲ ಕೊಡಿಸಿ, ದಾರಿ ನಡೆಸಿ ತೋರಿಸಿ, ರಾತ್ರಿ ಪೀಪಿ ಊದಿದರೆ ಎಲ್ಲಿ ಸೇರಬೇಕೆಂದು ಹೇಳಿಡಿ. ನಾವು ಹೊರಡುವ ಮೊದಲು ಲೈನಿಗೆ ಹೋಗಿ ತಲೆ ಎಣಿಸಿಯೇ ಹೊರಡಬೇಕು.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಬಿಸಿಲು ಬಿದ್ದ ಮೇಲೆ ಚೀಲ ಬಿಚ್ಚಿ. ತಂಬಿಟ್ಟು, ಬೆಲ್ಲ ಮನೆಯವರು ತಿಂದು ಮುಗಿಸಲಿ, ಮಾತ್ರೆಗಳನ್ನು ದಿನದ ಬಳಕೆಗೆ ತೆಗೆದುಕೊಳ್ಳಿ. ಟಾರ್ಚು, ರೇಡಿಯೋದ ಬ್ಯಾಟರಿ ಒಳಗೇ ಬಿಟ್ಟರೆ ಸೋರಿ ತಗಡು ತಿನ್ನುತ್ತದೆ, ತೆಗೆದು ರಬ್ಬರ್ ಬ್ಯಾಂಡ್ ಹಾಕಿ ಅದರ ಪಕ್ಕದಲ್ಲೇ ಇಡಿ. ಕಾಗದಪತ್ರದ ಕವರು ಮತ್ತು ನಂಬರುಗಳ ಚೀಟಿ ಚೀಲದಲ್ಲೇ ಇರಲಿ.